ಹಿಂದಿ ಲೆಕ್ಕದಲ್ಲಿ ಕಳೆದುಹೋದ ತಾಂಡಾಗಳು

ಸಿಂಧನೂರು, ಗಂಗಾವತಿ, ಸಿರುಗುಪ್ಪ ಸೀಮೆಯಲ್ಲಿ ಎಷ್ಟೋ ಕಡೆ ಒಂದು ಕಾಲುವೆ ದಾಟಿದರೆ ಆಡುಮಾತೇ ಬೇರೆ. ತುಂಗಭದ್ರೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದ ಭತ್ತದ ರೈತರ ಕ್ಯಾಂಪುಗಳಲ್ಲಿ ತೆಲುಗು, ಸಿಂಧನೂರಿನ ಆರ್.ಎಚ್. (ನಿರಾಶ್ರಿತರ ಪುನರ್ವಸತಿ) ಕ್ಯಾಂಪುಗಳಲ್ಲಿ ಬಂಗಾಳಿ, ತಾಂಡಾಗಳಲ್ಲಿ ಲಂಬಾಣಿ, ಪೇಟೆ ಓಣಿಗಳಲ್ಲಿ ಉರ್ದು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಕಚೇರಿ ಭಾಷೆ ಉರ್ದು. ಬಳ್ಳಾರಿ 1953ರಲ್ಲೇ ಮೈಸೂರಿಗೆ ಸೇರಿತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು.

1963ರ ರಾಜ್ಯದ ರಾಜಭಾಷಾ ಅಧಿನಿಯಮ ಕನ್ನಡವನ್ನು ಆಡಳಿತ ಭಾಷೆ ಮಾಡಿತು. ಅದರಲ್ಲಿ ತಕರಾರಿಲ್ಲ. ಎಡವಟ್ಟಾಗುವುದು ಎಣಿಕೆಯಲ್ಲಿ. ಒಂದು ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ಶೇ. 15ರಿಂದ 20ರಷ್ಟಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಲಿ ಎಂಬುದು 1956ರ ಕೇಂದ್ರದ ಸೂತ್ರ. ಪ್ರಾಥಮಿಕ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರು ಬೇಕೆಂದು ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳು 1949ರಲ್ಲೇ ಒಪ್ಪಿದ್ದರು. ಆದರೆ ಜನಗಣತಿ ಲಂಬಾಣಿಯನ್ನು ಹಿಂದಿಯಡಿ ಕೂಡಿಸುತ್ತದೆ! ತಾಲ್ಲೂಕಿನ ಪಟ್ಟಿ ನೋಡಿದವರಿಗೆ ಹಿಂದಿಯವರು ಕಾಣುತ್ತಾರೆ, ತಾಂಡಾ ಕಾಣುವುದಿಲ್ಲ.

ಹಾಗಾಗಿ ಯಾವ ಮಾತಿನವರು ಎಷ್ಟು ಎಂದು ಪಂಚಾಯಿತಿಯೇ ಎಣಿಸಿಕೊಳ್ಳುವುದು ಮೇಲು. ಕಂದಾಯ ಗ್ರಾಮದ ಲೆಕ್ಕ ಬೇಡ. ಕ್ಯಾಂಪು, ತಾಂಡಾ ಅದರಲ್ಲಿ ಮುಳುಗಿಹೋಗುತ್ತವೆ. ಬೇಸಿಗೆಯಲ್ಲಿ ಹೋದರೆ ಗುಳೆ ಹೋದವರ ಮನೆಗೆ ಬೀಗ. ಬಿತ್ತನೆ ಹೊತ್ತಿಗೆ ಹೋಗಬೇಕು. “ಮಾತೃಭಾಷೆ ಯಾವುದು?” ಎಂದು ಕೇಳಿದರೆ, ಕೇಳುವವರು ಮೆಚ್ಚುವ ಉತ್ತರ ಬರುತ್ತದೆ. ಅದರ ಬದಲು ಮೂರು ಬಿಡಿ ಪ್ರಶ್ನೆ: ಮನೆಯಲ್ಲಿ ಅಜ್ಜಿ ಜೊತೆ ಏನು ಮಾತಾಡ್ತೀರಿ? ಸಂತೆಯಲ್ಲಿ ಏನು? ಅರ್ಜಿ ಯಾರ ಕೈಲಿ ಬರೆಸ್ತೀರಿ? ಮೂರನೆಯದೇ ಮುಖ್ಯ. ಬರೆಸಲು ದುಡ್ಡು ಕೊಡುವವರು ಎಲ್ಲಿ ಹೆಚ್ಚೋ ಅಲ್ಲೇ ಕಚೇರಿಯ ಕನ್ನಡ ಜನರಿಗೆ ದಕ್ಕಿಲ್ಲ. ಮನೆಮಾತು ಕನ್ನಡವಾಗಿದ್ದರೂ ಸರಿ.

ಶಾಲೆಯ ವಿಚಾರದಲ್ಲಿ ಹಣವೇ ದಾರಿ ತೋರಿಸುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕನ್ನಡವನ್ನು ಒಂದು ವಿಷಯವಾಗಿ ಕಲಿಸುವುದಕ್ಕೆ 2015ರ ಕಾಯ್ದೆ ಬಂತು. ಭತ್ತದ ದುಡ್ಡಿದ್ದವರು ಇಂಗ್ಲಿಷ್ ಮಾಧ್ಯಮ ಹಿಡಿದರು. ತಾಂಡಾದ ಮಗು ಸರ್ಕಾರಿ ಶಾಲೆಯ ಒಂದನೇ ತರಗತಿಯಲ್ಲಿ ಗೊತ್ತಿಲ್ಲದ ಕನ್ನಡದಲ್ಲೇ ಅಕ್ಷರವನ್ನೂ ಲೆಕ್ಕವನ್ನೂ ಒಟ್ಟಿಗೆ ಕಲಿಯಬೇಕು. ಅನುದಾನ ಕಡಿಮೆಯಿದ್ದರೆ ನಾಮಫಲಕಕ್ಕಿಂತ ಮೊದಲು ಅಂಗನವಾಡಿಗೆ ಖರ್ಚು ಮಾಡಿ: ತಾಂಡಾದವರೇ ಕಾರ್ಯಕರ್ತೆಯಾಗಿರಲಿ, ಮೊದಲು ಲಂಬಾಣಿಯಲ್ಲಿ ಕಥೆ, ಆಮೇಲೆ ಅದೇ ಕಥೆ ಕನ್ನಡದಲ್ಲಿ.