120 ಜನರ ತರಗತಿಯಲ್ಲಿ ಪಕ್ಕದವರ ಜೊತೆ ಎರಡು ನಿಮಿಷ

ಮಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ನಾನು ಬಿ.ಕಾಂ. ಮೊದಲ ವರ್ಷದವರಿಗೆ ಅರ್ಥಶಾಸ್ತ್ರ ಕಲಿಸುತ್ತೇನೆ. ತರಗತಿಯಲ್ಲಿ 120 ಮಕ್ಕಳು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವವರು. ಕಾಸರಗೋಡಿನಿಂದ ದಿನಾ ರೈಲಲ್ಲಿ ಬಂದು ಹೋಗುವವರು. ಹಾಸ್ಟೆಲಿನಲ್ಲಿರುವ ಬಾಗಲಕೋಟೆ, ವಿಜಯಪುರದವರು. ಮಣಿಪುರದವರಿದ್ದಾರೆ, ತಮಿಳುನಾಡಿನವರಿದ್ದಾರೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿ ಬಂದವರೂ ಕಡಿಮೆಯೇನಿಲ್ಲ. ಇಲ್ಲಿ ನೋಡಿದರೆ ಪುಸ್ತಕವೆಲ್ಲ ಇಂಗ್ಲಿಷ್.

ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುವುದುಂಟು, ಇಷ್ಟು ಜನರನ್ನು ಒಬ್ಬರೇ ತಲುಪುವುದು ಹೇಗೆ ಅಂತ. ತಲುಪಲು ಆಗುವುದಿಲ್ಲ. ಮಕ್ಕಳೇ ಒಬ್ಬರನ್ನೊಬ್ಬರು ತಲುಪಬೇಕು. ಅದಕ್ಕೆ ದಾರಿ ಮಾಡಿಕೊಡುವುದು ನಮ್ಮ ಕೆಲಸ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ನಾನು ಜಾಸ್ತಿ ಬಳಸುವ ಕ್ರಮ ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರದು. 1990ರ ದಶಕದ ಆರಂಭದಿಂದ ಅವರು ದೊಡ್ಡ ತರಗತಿಗಳಲ್ಲಿ ಇದನ್ನು ಬಳಸಿದರು. ಒಂದು ಪ್ರಶ್ನೆ ಕೊಡಬೇಕು. ಪ್ರತಿಯೊಬ್ಬರೂ ಮೊದಲು ತಾವೇ ಯೋಚಿಸಿ ಉತ್ತರ ಆರಿಸಬೇಕು. ಆಮೇಲೆ ಪಕ್ಕದವರ ಜೊತೆ ಮಾತಾಡಿ ಇನ್ನೊಮ್ಮೆ ಉತ್ತರ ಕೊಡಬೇಕು. ಯಂತ್ರಗಿಂತ್ರ ಏನೂ ಬೇಡ. ನನ್ನ ಮಕ್ಕಳು ಉತ್ತರದ ಸಂಖ್ಯೆಯಷ್ಟು ಬೆರಳು ತೋರಿಸುತ್ತಾರೆ, ಎದೆಗೆ ಒತ್ತಿ ಹಿಡಿದು. ಮುಂದೆ ನಿಂತ ನನಗೆ ಕಾಣುತ್ತದೆ, ಪಕ್ಕದವರಿಗೆ ಕಾಣುವುದಿಲ್ಲ. ನಾಚಿಕೆಯ ಮಕ್ಕಳಿಗೆ ಇದು ತುಂಬಾ ಮುಖ್ಯ.

ಬೇಡಿಕೆಯ ಸ್ಥಿತಿಸ್ಥಾಪಕತ್ವದ, ಅಂದರೆ ಬೆಲೆ ಬದಲಾದಾಗ ಜನ ಕೊಳ್ಳುವುದು ಎಷ್ಟು ಬದಲಾಗುತ್ತದೆ ಎಂಬ ಪಾಠಕ್ಕೆ ನನ್ನ ಪ್ರಶ್ನೆ ಮೀನಿನದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಕಡಿಮೆ, ರೇಟು ಜಾಸ್ತಿ. ಹಾಗಾದರೆ ಜನ ಮೀನಿಗೆ ಮಾಡುವ ಒಟ್ಟು ಖರ್ಚು ಏರುತ್ತದಾ, ಇಳಿಯುತ್ತದಾ, ಹಾಗೇ ಇರುತ್ತದಾ? ಒಂದು, ಎರಡು, ಮೂರು ಬೆರಳು.

ಮೊದಲ ಸುತ್ತಿನಲ್ಲಿ ಉತ್ತರ ಮೂರೂ ಕಡೆ ಹಂಚಿಹೋಗುತ್ತದೆ. ಆಮೇಲೆ ಮಾತು ಶುರು. ಕಳೆದ ಸಲ ಮಲ್ಪೆ ಕಡೆಯ ಹುಡುಗಿಯೊಬ್ಬಳು, ನಮ್ಮ ಮನೆಯಲ್ಲಿ ಮೀನಿಲ್ಲದೆ ಊಟ ಇಳಿಯುವುದಿಲ್ಲ, ಬಂಗುಡೆ ಎಷ್ಟೇ ದುಬಾರಿಯಾದರೂ ತರುತ್ತೇವೆ ಎಂದಳು. ಅವಳ ಲೆಕ್ಕದಲ್ಲಿ ಖರ್ಚು ಏರಲೇಬೇಕು. ವಿಜಯಪುರದ ಹುಡುಗ ಒಪ್ಪಲಿಲ್ಲ. “ಮೊಟ್ಟೆ, ಕೋಳಿ ಸಿಗ್ತಾವಲ್ರೀ ಮೇಡಂ, ಅದನ್ನ ತಗೋತಾರ” ಎಂದ. ತೂತ್ತುಕುಡಿಯಿಂದ ಬಂದ ಹುಡುಗ ಇನ್ನೊಂದು ವಿಷಯ ತಂದ. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ನಮ್ಮ ಬೋಟುಗಳು ದಕ್ಕೆಯಲ್ಲಿ ಕಟ್ಟಿಕೊಂಡಿರುವಾಗ ಅವರ ಬೋಟುಗಳು ಕಡಲಿಗೆ ಇಳಿದಿರುತ್ತವೆ. ಐಸ್ ತುಂಬಿದ ಲಾರಿಯಲ್ಲಿ ಅಲ್ಲಿಯ ಮೀನು ಇಲ್ಲಿಗೆ ಬರುತ್ತದೆ. ಕಾಸರಗೋಡಿನವಳು ಹೇಳಿದಳು, ಕೇರಳದಲ್ಲಿ ಟ್ರಾಲಿಂಗ್ ನಿಷೇಧ 52 ದಿನ, ಆಗಲೂ ಸಾಂಪ್ರದಾಯಿಕ ದೋಣಿಗಳು ಹೋಗುತ್ತವೆ ಅಂತ.

ನೋಡಿ, ಬದಲಿ ಸರಕು ಇದ್ದರೆ ಬೆಲೆ ಏರಿದಾಗ ಬೇಡಿಕೆ ಬೇಗ ಇಳಿಯುತ್ತದೆ, ಇಲ್ಲದಿದ್ದರೆ ಅಷ್ಟು ಇಳಿಯುವುದಿಲ್ಲ. ಪುಸ್ತಕದ ಈ ಮಾತನ್ನು ನಾನು ಹೇಳುವ ಮೊದಲೇ ಅವರೇ ಹೇಳಿ ಮುಗಿಸಿದ್ದರು. ಎಲ್ಲರೂ ಮಂಗಳೂರಿನವರೇ ಆಗಿದ್ದರೆ ಆ ಲಾರಿಯ ವಿಷಯ ಬರುತ್ತಿತ್ತಾ? ನನಗೆ ಅನುಮಾನ. ನಾನಾ ಊರಿನ ಮಕ್ಕಳಿರುವ ತರಗತಿಯನ್ನು ತೊಂದರೆ ಎಂದು ನೋಡುವವರಿಗೆ ನಾನು ಈ ಪಾಠವನ್ನೇ ಹೇಳುತ್ತೇನೆ.

ಭಾಷೆಗೆ ನಮ್ಮಲ್ಲಿ ಒಂದೇ ನಿಯಮ. ಗುಂಪಿನಲ್ಲಿ ಯಾವ ಭಾಷೆಯೂ ಆಗಬಹುದು, ಆದರೆ ಗುಂಪಿನ ಎಲ್ಲರಿಗೂ ತಿಳಿದಿರಬೇಕು. ಮಣಿಪುರದ ಹುಡುಗಿ ಇರುವ ಬೆಂಚಿನಲ್ಲಿ ಹಿಂದಿ, ಇಂಗ್ಲಿಷ್ ಕಲಸಿಕೊಂಡು ನಡೆಯುತ್ತದೆ. ಬೇರೆ ಕಡೆ ತುಳು ಕೇಳಿಸಿದರೆ ನಾನು ತಡೆಯುವುದಿಲ್ಲ. ತರಗತಿಯ ಮುಂದೆ ಹೇಳುವಾಗ ಕನ್ನಡ ಅಥವಾ ಇಂಗ್ಲಿಷ್. ತನ್ನ ಭಾಷೆಯಲ್ಲಿ ಒಮ್ಮೆ ಹೇಳಿಕೊಂಡ ಮಾತನ್ನು ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಲು ಧೈರ್ಯ ಬರುತ್ತದೆ.

ಬಿಟ್ಟರೆ ಮಕ್ಕಳು ತಮ್ಮ ಊರಿನವರ ಜೊತೆಯೇ ಕೂರುತ್ತಾರೆ. ಸೆಮಿಸ್ಟರಿನ ಎರಡನೇ ವಾರದಲ್ಲಿ ನಾನೇ ನಾಲ್ಕು ನಾಲ್ಕು ಜನರ ಗುಂಪು ಮಾಡುತ್ತೇನೆ. ಕನ್ನಡ ಮಾಧ್ಯಮದಿಂದ ಬಂದವರನ್ನು, ದೂರದ ಊರಿನವರನ್ನು ಒಂಟಿಯಾಗಿ ಹಾಕುವುದಿಲ್ಲ. ಜೊತೆಗೆ ಅವರಂಥ ಇನ್ನೊಬ್ಬರಿರಬೇಕು. ಇಲ್ಲದಿದ್ದರೆ ಮೂವರು ಮಾತಾಡುತ್ತಾರೆ, ಒಬ್ಬರು ಸುಮ್ನೆ ಬರೆದುಕೊಳ್ಳುತ್ತಾರೆ, ಅಷ್ಟೇ.

ಇದಕ್ಕೆ ನಾನು ಇಷ್ಟು ಒತ್ತು ಕೊಡಲು ಗಣಿತಜ್ಞ ಯೂರಿ ಟ್ರೀಸ್ಮನ್ ಅವರ ಕೆಲಸವೂ ಕಾರಣ. 1970ರ ದಶಕದಲ್ಲಿ ಅವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದರು. ಕಲನಶಾಸ್ತ್ರದಲ್ಲಿ (ಕ್ಯಾಲ್ಕುಲಸ್) ಕಪ್ಪು ಜನಾಂಗದ ವಿದ್ಯಾರ್ಥಿಗಳು ಯಾಕೆ ಹಿಂದೆ ಬೀಳುತ್ತಾರೆ ಎಂದು ನೋಡಲು ಹೊರಟರು. ಅವರಿಗೆ ಓದುವ ಮನಸ್ಸಿಲ್ಲ, ಮನೆಯ ಬೆಂಬಲವಿಲ್ಲ ಎಂದು ಸುತ್ತಲಿನವರು ಅಂದುಕೊಂಡಿದ್ದರು. ಟ್ರೀಸ್ಮನ್ ಕಂಡದ್ದೇ ಬೇರೆ. ಆ ಮಕ್ಕಳು ತುಂಬಾ ಹೊತ್ತು ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದ ವಿದ್ಯಾರ್ಥಿಗಳು ಸೇರಿ ಕೂತು ಲೆಕ್ಕ ತಾಳೆ ನೋಡುತ್ತಿದ್ದರು. ಟ್ರೀಸ್ಮನ್ ಗುಂಪುಗಳನ್ನು ಮಾಡಿ, ಕಷ್ಟದ ಲೆಕ್ಕಗಳನ್ನೇ ಕೊಟ್ಟರು. ಫಲಿತಾಂಶ ಚೆನ್ನಾಗಿ ಏರಿತು. ಸುಲಭದ ಲೆಕ್ಕ ಕೊಟ್ಟು ಕರುಣೆ ತೋರಿಸಲಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ವಿಷಯ.

ನಗುವ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಉತ್ತರ ಕರ್ನಾಟಕದ ಮಕ್ಕಳು “ರೀ” ಎಂದರೆ ಇಲ್ಲಿ ಕೆಲವರು ಕಿಸಕ್ಕನೆ ನಗುತ್ತಾರೆ. ಒಮ್ಮೆ ನಕ್ಕರೆ ಆ ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ಭಾಷಣ ಮಾಡುವುದಿಲ್ಲ ನಾನು. ಆ ಉತ್ತರವನ್ನು ಬೋರ್ಡಿನ ಮೇಲೆ ಬರೆದು, ನಕ್ಕವರನ್ನೇ ಎಬ್ಬಿಸಿ, ಇದಕ್ಕೆ ನಿಮ್ಮ ವಾದ ಏನು ಎಂದು ಕೇಳುತ್ತೇನೆ.

ಟೆಸ್ಟ್ ತಾರೀಕು ಇಡುವ ಮೊದಲು ಮಕ್ಕಳನ್ನು ಕೇಳುವುದೂ ಒಳ್ಳೆಯದು. ರಂಜಾನ್ ಉಪವಾಸ, ಚರ್ಚಿನ ಹಬ್ಬ, ಮನೆಯ ದೈವದ ನೇಮ, ಎಲ್ಲ ನಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ.

ಪೋರ್ಷನ್ ಮುಗಿಯುತ್ತದಾ? ನನಗೆ ಮುಗಿಯುತ್ತದೆ. ವ್ಯಾಖ್ಯೆಗಳನ್ನು ತರಗತಿಯಲ್ಲಿ ಬರೆಸುವುದಿಲ್ಲ, ಮೊದಲೇ ಪ್ರಿಂಟ್ ಕೊಡುತ್ತೇನೆ. ಗಂಟೆಗೆ ಒಂದೇ ಪ್ರಶ್ನೆ. ಮೊದಲ ಸುತ್ತಿನಲ್ಲೇ ಹೆಚ್ಚಿನವರ ಬೆರಳು ಸರಿ ಇದ್ದರೆ ಚರ್ಚೆ ಬೇಡ, ಮುಂದೆ ಹೋಗಿ. ತೀರಾ ಕೆಲವರದ್ದು ಮಾತ್ರ ಸರಿ ಇದ್ದರೆ ಚರ್ಚೆಯಿಂದ ಲಾಭವಿಲ್ಲ, ಪಾಠವನ್ನೇ ಬೇರೆ ರೀತಿಯಲ್ಲಿ ಮತ್ತೆ ಹೇಳಬೇಕು. ಅರ್ಧದ ಆಸುಪಾಸು ಇದ್ದಾಗ ಎರಡು ನಿಮಿಷ ಬಿಟ್ಟುಕೊಡಿ, ಬೆಂಚುಗಳ ನಡುವೆ ಓಡಾಡುತ್ತಾ ಕೇಳಿಸಿಕೊಳ್ಳಿ. ಮುಂದಿನ ಪಾಠಕ್ಕೆ ಬೇಕಾದ ಉದಾಹರಣೆ ಅಲ್ಲೇ ಸಿಗುತ್ತದೆ.