‘ರನ್’ ಓಡುವ ದಾರಿಗಳು

ಶನಿವಾರ, 15 ನವೆಂಬರ್ 2025
ವಿಜಯನಗರ, ಬೆಂಗಳೂರು

ಮೇಲಿನ ಮನೆಯ ಹುಡುಗಿ ಇಂಗ್ಲಿಷ್ ತರಗತಿಯಲ್ಲಿ ಕೊಟ್ಟ ಜೆರಾಕ್ಸ್ ಹಾಳೆ ಹಿಡಿದು ಬಂದಳು. ‘ರನ್’ ಎಂಬ ಕ್ರಿಯಾಪದಕ್ಕೆ ನಲವತ್ತು ಅರ್ಥ, ಎದುರಿಗೆ ಕನ್ನಡ. ಸೋಮವಾರದೊಳಗೆ ಬಾಯಿಪಾಠ ಆಗಬೇಕಂತೆ. “ಆಂಟಿ, ಒಂದಕ್ಕೊಂದು ಸಂಬಂಧವೇ ಇಲ್ಲವಲ್ಲ!” ಎಂದಳು.

ಹಾಳೆ ತಯಾರಿಸಿದವರ ಮೇಲೆ ನನಗೆ ಸಿಟ್ಟು ಬಂತು. ನಲವತ್ತಕ್ಕೇ ಯಾಕೆ ನಿಲ್ಲಿಸಿದರೋ! ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಪೀಟರ್ ಗಿಲಿವರ್ ಈ ಒಂದು ಪದಕ್ಕಾಗಿ ಒಂಬತ್ತು ತಿಂಗಳು ಕುಳಿತು, ಕ್ರಿಯಾಪದದ್ದೇ 645 ಅರ್ಥಗಳನ್ನು ಬಿಡಿಸಿಟ್ಟರು. 1989ರ ಆವೃತ್ತಿಯಲ್ಲಿ ದೊಡ್ಡಣ್ಣನ ಪಟ್ಟ ‘ಸೆಟ್’ ಪದಕ್ಕಿತ್ತು. ಆದರೆ ಗಿರಣಿ, ರೈಲು, ಎಂಜಿನ್, ಕೊನೆಗೆ ಕಂಪ್ಯೂಟರ್ ಒಂದರ ಹಿಂದೊಂದು ಬಂದಂತೆ ‘ರನ್’ ಹಿಗ್ಗುತ್ತಲೇ ಹೋಯಿತು. ಇಷ್ಟನ್ನು ಉರು ಹೊಡೆದು ಕಲಿತವರು ಇಂಗ್ಲೆಂಡಿನಲ್ಲೂ ಇರಲಾರರು.

ಹಾಳೆಯನ್ನು ಮಗುಚಿಡಲು ಹೇಳಿದೆ. ಅಷ್ಟರಲ್ಲಿ ಕೆಳಗೆ ಸಂಪಿನ ಮೋಟಾರ್ ಓಡುತ್ತಿತ್ತು, ಅದು ‘ರನ್’. ನಲ್ಲಿಯಲ್ಲಿ ಹರಿಯುವ ನೀರೂ ‘ರನ್’. ನೆಗಡಿಯಾದವರ ಮೂಗು ಸೋರಿದರೆ, ಹೊಸ ಸೀರೆ ಒಗೆಯುವಾಗ ಬಣ್ಣ ಬಿಟ್ಟರೆ ಅದೂ ‘ರನ್’. ಹರಿಯುವುದು ಎಂಬ ಎಳೆಯನ್ನು ಹಿಡಿದರೆ ಇವೆಲ್ಲ ಒಂದೇ ಮನೆಯವು. ಕಿರಾಣಿ ಅಂಗಡಿ ನಡೆಸುವುದು ಮೋಟಾರಿನ ಕಡೆಯ ನೆಂಟ: ನಿಲ್ಲದಂತೆ ನೋಡಿಕೊಳ್ಳುವ ಕೆಲಸ. ಸಿನಿಮಾ ಕೂಡ ಎರಡೂ ಭಾಷೆಗಳಲ್ಲಿ ಓಡುತ್ತದೆ, ಓಡಿದರೆ.

ಚುನಾವಣೆಗೆ ಸ್ಪರ್ಧಿಸುವ ಅರ್ಥದ ಹತ್ತಿರ ಬಂದಾಗ ಅವಳಿಗೆ ನಗು ಬಂತು. ಅಮೆರಿಕದವರು ಅದಕ್ಕೆ ‘ರನ್’ ಎನ್ನುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಎನ್ನುತ್ತಾರೆ. ನಾವೂ ನಿಲ್ಲುವವರೇ. ಗೆದ್ದ ಮೇಲೆ ಓಡುವುದು ಬೇರೆ ವಿಷಯ.

ನಮ್ಮ ‘ಹೊಡೆ’ ಏನು ಕಡಿಮೆಯೇ? ಗೋಡೆಗೆ ಸುಣ್ಣ ಹೊಡೆಯುತ್ತೇವೆ, ಗಂಟೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ. ಒಬ್ಬ ಕಣ್ಣು ಹೊಡೆಯುತ್ತಾನೆ, ಇನ್ನೊಬ್ಬನಿಗೆ ಲಾಟರಿ ಹೊಡೆಯುತ್ತದೆ. ಇಷ್ಟರಲ್ಲಿ ಯಾರಿಗೂ ಏಟು ಬೀಳುವುದಿಲ್ಲ. ಇದಕ್ಕೆ ನಮಗೆ ಯಾರೂ ಪಟ್ಟಿ ಕೊಟ್ಟಿರಲಿಲ್ಲ.

ನನ್ನ ಉಪಾಯ ಸೋಲುವುದು ‘ರನ್’ಗೆ ಬಾಲ ಅಂಟಿಕೊಂಡಾಗ. ‘ರನ್ ಇಂಟು’ ಎಂದರೆ ದಾರಿಯಲ್ಲಿ ಪರಿಚಿತರು ಅಚಾನಕ್ಕಾಗಿ ಸಿಗುವುದು. ‘ರನ್ ಓವರ್’ ಎಂದರೆ ಗಾಡಿ ಹರಿಸುವುದು. ಎರಡನ್ನು ಅದಲುಬದಲು ಮಾಡಿದರೆ ಪೊಲೀಸರು ಬಂದಾರು. ಇಂಥವನ್ನು ಒಂದೊಂದಾಗಿ, ವಾಕ್ಯದೊಳಗೇ ಕಲಿಯಬೇಕು. ‘ರನ್ ಔಟ್’ ಗೊತ್ತಲ್ಲ ಎಂದು ಕೇಳಿದೆ. “ಕ್ರಿಕೆಟ್ಟಿನದು ತಾನೆ?” ಎಂದಳು. ಗ್ಯಾಸ್ ಸಿಲಿಂಡರ್ ಖಾಲಿಯಾದರೂ ಅದೇ ಮಾತು ಎಂದಾಗ ಹಾಳೆಯನ್ನು ಮತ್ತೆ ತಿರುಗಿಸಿ ಹುಡುಕಿದಳು. ನಲವತ್ತರಲ್ಲಿ ಅದು ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಳು.