ಕೀಲಿಗೊಂಚಲಿನ ಕ್ಯಾಮರಾ: ಆರು ವಾರಗಳ ಟಿಪ್ಪಣಿ

ಮೊದಲ ವಾರ: 2025ರಲ್ಲಿ ಕೊಡಾಕ್ ಹೆಸರಿನಲ್ಲಿ ಬಂದ ಚಾರ್ಮೆರಾ ಎಂಬ ಪುಟ್ಟ ಕ್ಯಾಮರಾ ನನ್ನ ಸ್ಕೂಟರಿನ ಕೀಲಿಗೊಂಚಲನ್ನು ಸೇರಿದೆ. ತೂಕ 30 ಗ್ರಾಂ, ಉದ್ದ 58 ಮಿಲಿಮೀಟರ್. ಚಿತ್ರದ ಅಡ್ಡಕ್ಕೆ 1440, ಎತ್ತರಕ್ಕೆ 1080, ಒಟ್ಟು ಹದಿನೈದೂವರೆ ಲಕ್ಷ ಪಿಕ್ಸೆಲ್‌ಗಳು. ಕೈಯಲ್ಲಿ ಮೊಬೈಲ್ ಇರುವಾಗ ಇದೇಕೆ ಎಂದು ಮನೆಯಲ್ಲಿ ಕೇಳಿದರು. ಮೊಬೈಲ್ ತೆಗೆದರೆ ಫೋಟೊಕ್ಕಿಂತ ಮೊದಲು ನಾಲ್ಕು ಸಂದೇಶಗಳಿಗೆ ಉತ್ತರ ಬರೆಯುತ್ತಾ ಕೂರುವವನು ನಾನು. ಈ ವಾರದ ಚಿತ್ರಗಳಲ್ಲಿ ಉಳಿಸಿಕೊಳ್ಳುವಂಥವು ಎರಡೋ ಮೂರೋ. ಒಂದರಲ್ಲಂತೂ ಅರ್ಧ ಆಕಾಶವೆಲ್ಲ ನನ್ನ ತೋರುಬೆರಳು.

ಎರಡನೇ ವಾರ: ಇದರ ಫೋಕಸನ್ನು ಬದಲಿಸಲಾಗದು, ಹಾಗಾಗಿ ಎಷ್ಟು ಹತ್ತಿರ ಹೋಗಬಹುದೆಂದು ತಿಳಿಯಬೇಕಿತ್ತು. ಅಂಗಳದಲ್ಲಿ ಟೇಪು ಹಾಸಿ, ಅಡಿಗೊಂದರಂತೆ ಒಣ ಅಡಕೆ ಇಟ್ಟು, ನೆಲಮಟ್ಟದಿಂದ ಚಿತ್ರ ತೆಗೆದೆ. ಮೊದಲಿನ ಎರಡು ಅಡಕೆಗಳು ಬರಿಯ ಕಂದು ಮಸುಕು. ಮೂರನೆಯದರ ಸಿಪ್ಪೆಯ ಸುಕ್ಕುಗಳು ಕಾಣತೊಡಗಿದವು. ಅಂದಿನಿಂದ ಏನನ್ನಾದರೂ ತೆಗೆಯುವ ಮುನ್ನ ಒಂದು ಹೆಜ್ಜೆ ಹಿಂದೆ ಸರಿಯುವುದು ರೂಢಿಯಾಗಿದೆ.

ಮೂರನೇ ಮತ್ತು ನಾಲ್ಕನೇ ವಾರ: ತೋಟದ ಮೇಲಿನ ಗುಡ್ಡೆಯಲ್ಲಿ ಮುರಕಲ್ಲನ್ನು (ಜಂಬಿಟ್ಟಿಗೆ) ಅಡ್ಡಕ್ಕೆ ಕೊರೆದು ಮಾಡಿದ ನಮ್ಮ ಸುರಂಗವಿದೆ, ಕಾಸರಗೋಡಿನ ಗುಡ್ಡೆಗಳಲ್ಲಿ ನೀರಿಗಾಗಿ ಇಂಥವನ್ನು ತೋಡುವುದು ಹಳೆಯ ಪದ್ಧತಿ. ಹತ್ತು ಸಲ ತೆಗೆದರೂ ಅದರ ಬಾಯಿ ಮಸಿಯಂತೆ ಕಪ್ಪಾಗಿ, ಮೇಲಿನ ಆಕಾಶ ಸುಣ್ಣದಂತೆ ಬಿಳಿಯಾಗಿ ಬರುತ್ತಿತ್ತು. ಬೆಳಕನ್ನು ಹಿಡಿಯುವ ಕಾಲಿಂಚಿನ ಸೆನ್ಸರಿನಲ್ಲಿ ಒಂದೊಂದು ಚುಕ್ಕಿಗೂ ದಕ್ಕುವ ಬೆಳಕು ಅಲ್ಪ. ನೆರಳು ಮತ್ತು ಬಿಸಿಲು ಎರಡನ್ನೂ ಅದು ಒಟ್ಟಿಗೆ ಹಿಡಿಯಲಾರದು. ಕೊನೆಗೆ ಆಕಾಶವನ್ನೇ ಕೈಬಿಟ್ಟು, ಬದಿಯ ದರೆಗೆ ಒರಗಿ, ಬಿಸಿಲು ಎದುರಿನ ಕೆಂಪುಗೋಡೆಗೆ ಬಡಿದು ಒಳಗೆ ಚೆಲ್ಲುವ ಹೊತ್ತಿಗೆ ಕಾದು ತೆಗೆದಾಗ, ಒದ್ದೆ ಕಲ್ಲಿನ ಮೇಲೆ ಪಿಕ್ಕಾಸಿನ ಗೀರುಗಳು ಹಾಗೂ ಬುಡದಲ್ಲಿ ಹರಿಯುವ ನೀರಿನ ಗೆರೆ ಮೂಡಿದವು.

ಐದನೇ ವಾರ: ಕುಂಬಳೆಯಿಂದ ಮಂಗಳೂರಿಗೆ ಹೋಗುವಾಗ ರೈಲಿನ ಕಿಟಕಿಯಿಂದ ತೆಗೆದ ಕಂಬಗಳೆಲ್ಲ ಓರೆಯಾಗಿವೆ. ಸೆನ್ಸರು ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ, ಕೊನೆಯ ಸಾಲಿನ ಸರದಿ ಬರುವಷ್ಟರಲ್ಲಿ ಕಂಬ ಹಿಂದಕ್ಕೆ ಸರಿದಿರುತ್ತದೆ. ಇದಕ್ಕೆ ಮದ್ದಿಲ್ಲ, ರೈಲು ನಿಂತಾಗ ತೆಗೆಯಬೇಕು.

ಆರನೇ ವಾರ: ಸುರಂಗದ ಚಿತ್ರವನ್ನು ಸ್ಟುಡಿಯೋದಲ್ಲಿ 4×6 ಇಂಚಿನ ಕಾಗದಕ್ಕೆ ಹಾಕಿಸಿದೆ. ಚಿತ್ರದ ಆಕಾರ ಕಾಗದಕ್ಕಿಂತ ಹೆಚ್ಚು ಚೌಕ. ಕಾಗದ ತುಂಬುವ ಭರದಲ್ಲಿ ಮೇಲೆ ಕೆಳಗೆ ಕತ್ತರಿಸಿದರು, ನಾನು ಎರಡು ವಾರ ಕಾದು ಪಡೆದ ನೀರಿನ ಗೆರೆಯೇ ಹೋಯಿತು. ಮರುದಿನ ಪೂರ್ತಿ ಚಿತ್ರವನ್ನು ಉಳಿಸಿ, ಎಡಬಲಕ್ಕೆ ಬಿಳಿ ಪಟ್ಟಿ ಬಿಟ್ಟು ಹಾಕಿಸಿದೆ. ಇಂಚಿಗೆ 270 ಪಿಕ್ಸೆಲ್ ಸಿಕ್ಕಿದ್ದರಿಂದ ಚಿತ್ರ ಒಡೆದಂತೆ ಕಾಣುವುದಿಲ್ಲ. ಆ ಬಿಳಿ ಪಟ್ಟಿಯಲ್ಲಿ ಅಮ್ಮ ಬಾಲ್‌ಪೆನ್ನಿನಿಂದ ತಾರೀಕು ಬರೆದಿಟ್ಟಿದ್ದಾರೆ. ಕ್ಯಾಮರಾದೊಳಗಿನ ತಾರೀಕನ್ನು ನಾನು ಇನ್ನೂ ಸರಿಪಡಿಸಿಲ್ಲ.